ಎಡಗೈಯಲ್ಲಿ ಉಣ್ಣುವವರು

ಪ್ರವಾಸಿ ಮಂದಿರದ ಮೇಟಿ ಕದರಪ್ಪ
ಹಳೆಯ ಕಿಟಕಿ ಪರದೆಯಲ್ಲಿ ಸುತ್ತಿ ತಂದ.
ಕೋತಿ ಕೆಡವಿತಂತೆ. ಗಾಜು ಮೂರು ಚೂರು,
ಒಳಗಿನ ಕಾಗದಕ್ಕೆ ಒಂದು ಗೀರೂ ಇಲ್ಲ.
'ಸಾಹೇಬ್ರು ಸೋಮವಾರ ಬರ್ತಾರೆ, ನೂರ್‌ಜಾನಮ್ಮ,
ಅಷ್ಟೊತ್ಗೆ ಗೋಡೆ ಮೇಲಿರ್ಬೇಕು.'

ನನ್ನ ಅಂಗಡಿಗೆ ಬರುವುದು ದೇವರು, ತೀರಿಕೊಂಡವರು,
ಹತ್ತನೇ ಕ್ಲಾಸಿನಲ್ಲಿ ತಾಲ್ಲೂಕಿಗೇ ಮೊದಲು ಬಂದವರು.
ಇನ್ನೂರು ವರ್ಷದ ಕಾಗದ ಇದೇ ಮೊದಲು.
ಮೊಳೆ ಕಿತ್ತು ಹಿಂಬದಿಯ ಹಲಗೆ ಸರಿಸಿದೆ:
ಒದ್ದೆ ಗೋಣಿ ಒಣಗಿದ ವಾಸನೆ.
ಅಂಚಿಗೆ ಬೆರಳಾಡಿಸಿದರೆ ಸುತ್ತಲೂ ಒಂದು ತಗ್ಗು,
ತಾಮ್ರದ ತಗಡು ಒತ್ತಿ ಎದ್ದುಹೋದ ಗುರುತು.

ಬೆಟ್ಟ ನಮ್ಮದೇ, ಮಧುಗಿರಿಯದೇ.
ಬೋರಲು ಹಾಕಿದ ಬಾನಿಯಂಥ ಒಂದೇ ಕಲ್ಲು.
ಮೋಡ ನಮ್ಮದಲ್ಲ.
ಬಿಳಿ ಕುರಿಗಳ ದೇಶದ ಮೋಡ;
ನಮ್ಮ ಕಡೆಯವು ಕರಿ ಕುರಿ.
ಹುಣಸೆ ಮರಕ್ಕೆ ಇನ್ಯಾವುದೋ ಮರದ ಎಲೆ.
ಕೆಳಗೆ ಜೋಳದ ಕಾಳಿನಷ್ಟು ಮಂದಿ:
ಕುದುರೆಗೆ ನೀರು ಹಿಡಿದವನು, ಕೊಡದ ಹೆಂಗಸು,
ಮರದಡಿ ಊಟಕ್ಕೆ ಕೂತ ನಾಲ್ವರು.
ಅಡಿಯಲ್ಲಿ ಇಂಗ್ಲಿಷ್ ಅಕ್ಷರ. ಕೂಡಿಸಿ ಓದಿದೆ:
'ಮಡ್... ಗೆ... ರ್ರಿ.'
ಕದರಪ್ಪ ನಕ್ಕ. 'ಬಾಯಲ್ಲಿ ಏನಿಟ್ಕೊಂಡು ಅಂದ್ನೋ!'

ಇಂಥವು ಹೇಗಾಗುತ್ತವೆಂದು ಅಪ್ಪ ಹೇಳುತ್ತಿದ್ದ,
ಅವನಿಗೆ ಬಳೇಪೇಟೆಯ ಯಾರೋ ವ್ಯಾಪಾರಿ ಹೇಳಿದ್ದು.
ಒಬ್ಬ ಬಂದು ಬರೆದುಕೊಂಡು ಹೋಗುತ್ತಾನೆ.
ಅಲ್ಲಿ, ಬಾರದೇ ಇದ್ದವನೊಬ್ಬ, ತಾಮ್ರದಲ್ಲಿ ಕೊರೆಯುತ್ತಾನೆ.
ಆಸಿಡ್ಡು, ಮಸಿ, ಒತ್ತು.
ಆಮೇಲೆ ಉದ್ದನೆಯ ಮೇಜಿನ ಸುತ್ತ ಹುಡುಗಿಯರು:
ಒಬ್ಬಳು ಆಕಾಶಕ್ಕಷ್ಟೇ, ಒಬ್ಬಳು ಎಲೆಗಷ್ಟೇ,
ಒಬ್ಬಳು ಬರೀ ಪೇಟಗಳಿಗೆ.

ಈ ಪೇಟದ ಕೆಂಪು ಗೆರೆ ದಾಟಿದೆ, ನೋಡಿ.
ಕತ್ತಲಾಗುತ್ತಿತ್ತೇನೋ. ಹಸಿದಿದ್ದಳೇನೋ.
ನೂರನೆಯ ಪೇಟ, ನೂರೊಂದನೆಯ ಪೇಟ,
ಪೇಟ ಸುತ್ತಿದವನನ್ನು ಒಮ್ಮೆಯೂ ಕಾಣದೆ.
ನಾನೂ ಒಂಬತ್ತಕ್ಕೇ ಅಂಗಡಿಯಲ್ಲಿ ಕೂತವಳು,
ಲಕ್ಷ್ಮಿಯ ಸೀರೆಯಂಚಿಗೆ ಜರಿಪುಡಿ ಅಂಟಿಸುತ್ತ.
ಒಮ್ಮೆ ತೂಕಡಿಸಿ
ಆನೆಯ ಸೊಂಡಿಲಿಗೂ ಜರಿ ಹಚ್ಚಿದ್ದೆ.
ಆ ಪಟ ಯಾರ ಮನೆಯಲ್ಲಿ ಪೂಜೆಗೊಳ್ಳುತ್ತಿದೆಯೋ.

'ಅದಿರ್ಲಿ,' ಎಂದ ಕದರಪ್ಪ, ಮೂಗು ಕಾಗದಕ್ಕಿಟ್ಟು,
'ಇದ್ಯಾಕಮ್ಮ, ನಾಲ್ಕೂ ಜನ ಎಡಗೈಲಿ ಉಣ್ತಾವ್ರೆ?'

ಹೌದು.
ಸೆರಗೂ ಬಲಭುಜದ ಮೇಲೆ.
ಕೋಟೆಗೋಡೆ ಈ ಕಡೆ ಇಳಿಯಬೇಕಾದದ್ದು ಆ ಕಡೆ.
'ಬರ್ದೋನ್ಗೆ ಕಣ್ಣು ಮಂಜು,' ಎಂದ.
ನಾನು ಖಾನೆಯೆಳೆದು ರಬ್ಬರ್ ಮೊಹರೊಂದನ್ನು ತೆಗೆದೆ,
ಪಂಚಾಯ್ತಿ ಕಾರ್ಯದರ್ಶಿಗೆಂದು ಕೊರೆದಿಟ್ಟದ್ದು.
ರಬ್ಬರಿನಲ್ಲಿ ಎಲ್ಲ ತಿರುಗುಮುರುಗು, ಒತ್ತಿದರೆ ನೇರ.
ತಾಮ್ರದವನು ಬೆಟ್ಟವನ್ನು ಕಂಡ ಹಾಗೇ ಕೊರೆದುಬಿಟ್ಟ.
ಹೆಸರನ್ನು ಮಾತ್ರ, ಪಾಪ,
ಜೋಪಾನವಾಗಿ ತಿರುಗಿಸಿದ್ದ.

ಮಾರಾಟಕ್ಕಿಟ್ಟ ನಿಲುವುಗನ್ನಡಿಯ ಮುಂದೆ
ಅವನೊಂದು ತುದಿ ನಾನೊಂದು ತುದಿ ಹಿಡಿದು ನಿಂತೆವು.
ಅಕ್ಷರ ಕೆಟ್ಟಿತು. ಬೆಟ್ಟ ಸರಿಹೋಯಿತು.
ಗೋಡೆ ತನ್ನ ಕಡೆಗೆ ಇಳಿಯಿತು,
ನಾಲ್ವರೂ ಬಲಗೈಯಲ್ಲಿ ತುತ್ತೆತ್ತಿದರು.
ಹಿಡಿದ ನಾವೇ ಅದಲುಬದಲು:
ಕದರಪ್ಪನ ಗಡಿಯಾರ ಬಲಗೈಗೆ,
ನನ್ನ ಮೂಗುತಿ ಆಚೆ ಬದಿಗೆ,
ಬೆನ್ನ ಹಿಂದೆ ಪಾವಗಡದ ಬಸ್ಸು ಓದಲಾಗದ ಬೋರ್ಡಿನೊಂದಿಗೆ.
ಪೇಟದ ಕೆಂಪು ಮಾತ್ರ
ಅಲ್ಲೂ ಗೆರೆಯಾಚೆಗೇ.

'ತಿರುಗ್ಸಿ ಕಟ್ಟಕ್ಕಾಗಲ್ವ?'
'ತಿರುಗಿಸಿದರೆ ಖಾಲಿ ಕಾಗದ, ಕದರಪ್ಪ.'
ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.
ಮಂದಿರದಲ್ಲಿ ಮೂವತ್ತು ವರ್ಷ
ಆ ಚಿತ್ರದಡಿಯಲ್ಲೇ ಎಲ್ಲರಿಗೂ ತಟ್ಟೆ ಇಟ್ಟವನು.

ಹೊಸ ಗಾಜು ಕೊಯ್ದೆ. ಹತ್ತಿಯಿಂದ ಧೂಳೊರೆಸಿದೆ,
ಕೆಂಪನ್ನು ಮುಟ್ಟಲಿಲ್ಲ.
'ಬಿಲ್ಲು ಎರಡು ಪ್ರತಿ, ಆಫೀಸಿಗೆ ಬೇಕು.'
ಕಾರ್ಬನ್ ಇಟ್ಟು ಬರೆದೆ:
ಗಾಜು, ಎರಡಡಿಗೆ ಒಂದೂವರೆ, ಒಂದು.
ಮೊಳೆ ಹನ್ನೆರಡು.
ಬೆಟ್ಟ, ಇದ್ದ ಹಾಗೇ ವಾಪಸ್ಸು.